ಬರೀ ಆಡ್ತಾ ಇದ್ರೆ ಚೆಸ್ ಬರುತ್ತಾ?

ಪುಸ್ತಕ ಮುಟ್ಟದೆ, ಕೋಚಿಂಗ್‌ಗೆ ಹೋಗದೆ, ಸುಮ್ನೆ ಆಡ್ತಾ ಆಡ್ತಾ ಚೆಸ್‌ನಲ್ಲಿ ಮುಂದೆ ಬರಬಹುದಾ? ಮಂಡ್ಯದಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಚೆಸ್ ಹೇಳಿಕೊಡುತ್ತೇನೆ. ಅಪ್ಪ ಅಮ್ಮಂದಿರು ಮೊದಲು ಕೇಳುವ ಪ್ರಶ್ನೆ ಇದೇ. "ಸಾರ್, ಇವ್ನು ಫೋನಲ್ಲಿ ದಿನಾ ಆಡ್ತಾನೇ ಇರ್ತಾನೆ. ಅಷ್ಟು ಸಾಕಾಗಲ್ವಾ?" ಕೇಳುವುದರಲ್ಲಿ ತಪ್ಪೇನಿಲ್ಲ. ಕೋಚಿಂಗ್, ಟೂರ್ನಮೆಂಟ್ ಫೀಸು, ಊರೂರು ಓಡಾಟ ಅಂತ ಹೊರಟರೆ ಸಾಮಾನ್ಯ ಮನೆಯವರಿಗೆ ಅದು ಸಣ್ಣ ಖರ್ಚಲ್ಲ.

ಬರುತ್ತದೆ ಅಂತಲೇ ನಾನು ಹೇಳುತ್ತೇನೆ. ಒಂದು ಮಟ್ಟದವರೆಗೆ ಚೆನ್ನಾಗಿಯೇ ಬರುತ್ತದೆ. ಆದರೆ ಆಟ ತಾನಾಗಿ ಕಲಿಸುವುದು ತಪ್ಪು ಮಾಡಿದ ಕೂಡಲೇ ಏಟು ಬೀಳುವಂಥ ಪಾಠಗಳನ್ನು ಮಾತ್ರ. ಏಟು ತಡವಾಗಿ ಬಿದ್ದರೆ, ಅಥವಾ ಎದುರಿಗಿರುವವನಿಗೂ ಗೊತ್ತಾಗದೆ ಏಟೇ ಬೀಳದೆ ಹೋದರೆ, ಎಷ್ಟು ಆಟ ಆಡಿದರೂ ಆ ತಪ್ಪು ಹಾಗೇ ಉಳಿದುಬಿಡುತ್ತದೆ. ಈ ವ್ಯತ್ಯಾಸವನ್ನು ಅಪ್ಪ ಅಮ್ಮಂದಿರಿಗೆ ನಿಂತ ನಿಲುವಿನಲ್ಲಿ ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಏಟು ಕೂಡಲೇ ಬೀಳುವ ಕಡೆ ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ ನೋಡಿ. ಹೊಸಬರ ಮೇಲೆ ಎಲ್ಲರೂ ಪ್ರಯೋಗಿಸುವ ನಾಲ್ಕು ನಡೆಯ ಮೇಟ್ ಇದೆಯಲ್ಲ? ಒಂಟೆ ಸಿ4ಕ್ಕೆ (ಹಲಗೆಯ ಉದ್ದ ಸಾಲುಗಳಿಗೆ ಎ ಇಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8 ಅಂತ ಗುರುತು), ಮಂತ್ರಿ ಎಚ್5ಕ್ಕೆ, ಆಮೇಲೆ ಮಂತ್ರಿ ಎಫ್7ರ ಪಾನ್ (ಕಾಲಾಳು) ಹೊಡೆದು ಕೂತರೆ ಆಟ ಮುಗೀತು. ಅದರಲ್ಲಿ ಒಂದೆರಡು ಸಲ ಸೋತ ಮಗು ಮತ್ತೆ ಸೋಲುವುದಿಲ್ಲ. ಯಾರೂ ಕೂತು ಹೇಳಿಕೊಡಬೇಕಾಗಿಲ್ಲ. ಕುದುರೆ ಸಿ7ಕ್ಕೆ ಹಾರಿ ರಾಜನಿಗೆ ಚೆಕ್ ಕೊಡುತ್ತಾ ಮೂಲೆಯ ಆನೆಯನ್ನೂ ಹಿಡಿದುಕೊಳ್ಳುವ ಫೋರ್ಕ್, ತನ್ನದೇ ಪಾನ್‌ಗಳ ಹಿಂದೆ ಸಿಕ್ಕಿಕೊಂಡ ರಾಜನಿಗೆ ಕೊನೇ ಸಾಲಿನಲ್ಲಿ ಆನೆ ಕೊಡುವ ಮೇಟ್, ಇವೂ ಅಷ್ಟೇ. ಕಳೆದುಕೊಂಡ ಕಾಯಿ ಕಣ್ಣೆದುರೇ ಹಲಗೆಯಿಂದ ಆಚೆ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ, ಪಾಠ ತಲೆಯಲ್ಲಿ ಕೂರುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೊಡ್ಡ ಆಟಗಾರರ ಶಕ್ತಿಯ ದೊಡ್ಡ ಪಾಲು ಇಂಥ ಗುರುತುಗಳೇ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅಂತ ಇಬ್ಬರು ಒಂದು ಪ್ರಯೋಗ ಮಾಡಿದರು. ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಕೇವಲ 5 ಸೆಕೆಂಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಿ ಅಂದರು. ಮಾಸ್ಟರ್ ಬಹುಪಾಲು ಕಾಯಿಗಳನ್ನು ಸರಿಯಾದ ಮನೆಗಳಲ್ಲೇ ಇಟ್ಟರು, ಹೊಸಬರಿಗೆ ಕೆಲವೇ ಕಾಯಿ ನೆನಪಾದವು. ಆಮೇಲೆ ಅದೇ ಕಾಯಿಗಳನ್ನು ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ಚೆಲ್ಲಿ ತೋರಿಸಿದಾಗ ಮಾಸ್ಟರ್‌ಗೂ ಹೊಸಬರಿಗೂ ಅಂಥ ವ್ಯತ್ಯಾಸವೇ ಉಳಿಯಲಿಲ್ಲ. ಅಂದರೆ ಮಾಸ್ಟರ್ ತಲೆಯಲ್ಲಿರುವುದು ವಿಶೇಷವಾದ ನೆನಪಿನ ಶಕ್ತಿ ಏನಲ್ಲ, ಆಟದಲ್ಲಿ ಮತ್ತೆ ಮತ್ತೆ ಬರುವ ಕಾಯಿಗಳ ಗುಂಪುಗಳ ಪರಿಚಯ. ಆ ಪರಿಚಯ ಆಡ್ತಾ ಆಡ್ತಾ ಆಗೇ ಆಗುತ್ತದೆ. ಆದ್ದರಿಂದ ಫೋನಲ್ಲಿ ಆಡುವ ಹುಡುಗ ಸಮಯ ಹಾಳು ಮಾಡ್ತಿದ್ದಾನೆ ಅಂತ ಬೈಯುವವರ ಜೊತೆ ನಾನು ಇಲ್ಲ.

ತೊಂದರೆ ಶುರುವಾಗುವುದು ಆಮೇಲೆ.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಇದ್ದಾನೆ. ಒಂಬತ್ತನೇ ಕ್ಲಾಸು. ಮದ್ದೂರು ಕಡೆಯ ಹಳ್ಳಿಯವನು. ಯಾವ ಪುಸ್ತಕವನ್ನೂ ನೋಡಿದವನಲ್ಲ, ಎಲ್ಲವನ್ನೂ ಅಣ್ಣನ ಫೋನಲ್ಲಿ ಆಡಿಯೇ ಕಲಿತವನು. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಅವನ ಮುಂದೆ ಕೂರೋದು ಸುಲಭವಲ್ಲ. ಕಣ್ಣು ಅಷ್ಟು ಚುರುಕು. ಒಂದಿನ ಅವನ ಮುಂದೆ ಮೂರೇ ಕಾಯಿ ಇಟ್ಟೆ. ಬಿಳಿ ರಾಜ ಇ5ರಲ್ಲಿ, ಬಿಳಿ ಪಾನ್ ಅದರ ಹಿಂದೆ ಇ4ರಲ್ಲಿ. ಕಪ್ಪು ರಾಜ ಇ7ರಲ್ಲಿ. ರಾಜರಿಬ್ಬರೂ ಎದುರುಬದುರು, ನಡುವೆ ಒಂದೇ ಮನೆ.

"ನಿನ್ನ ನಡೆ, ಬಿಳಿ. ಗೆಲ್ತೀಯಾ?"

"ಗೆಲ್ತೀನಿ ಸಾರ್. ಒಂದು ಪಾನ್ ಜಾಸ್ತಿ ಐತಲ್ಲ."

ಗೆಲ್ಲಲಿಲ್ಲ. ಅವನು ರಾಜನನ್ನು ಡಿ5ಕ್ಕೆ ಸರಿಸಿದರೆ ನಾನು ಡಿ7ಕ್ಕೆ ಬಂದೆ. ಎಫ್5ಕ್ಕೆ ಹೋದರೆ ಎಫ್7ಕ್ಕೆ. ಯಾವ ಕಡೆ ಹೋದರೂ ಎದುರಿಗೆ ನಾನು. ಪಾನ್ ಮುಂದೆ ತಳ್ಳಿ ನೋಡಿದ, ಕೊನೆಗೆ ಸ್ಟೇಲ್‌ಮೇಟ್ ಆಯಿತು, ಅಂದರೆ ಚೆಕ್ ಇಲ್ಲದೆಯೂ ನಡೆಯೋಕೆ ಜಾಗವಿಲ್ಲದೆ ಆಟ ಡ್ರಾ. ಮತ್ತೆ ಅದೇ ಸ್ಥಿತಿ ಇಟ್ಟು, "ಈಗ ನನ್ನ ನಡೆ" ಅಂದೆ. ಈ ಸಲ ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿಯಲೇಬೇಕು. ನಾನು ಡಿ7ಕ್ಕೆ ಹೋದ ಕೂಡಲೇ ಅವನ ರಾಜ ಎಫ್6ಕ್ಕೆ ನುಗ್ಗಿದ. ಅಲ್ಲಿಂದ ಪಾನ್ ಮಂತ್ರಿ ಆಗುವುದನ್ನು ತಡೆಯೋಕೆ ಆಗಲಿಲ್ಲ. ಕಾಯಿಗಳು ಅವೇ, ಮನೆಗಳೂ ಅವೇ. ನಡೆ ಯಾರದ್ದು ಅನ್ನುವುದಷ್ಟೇ ಬೇರೆ.

ಹುಡುಗ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಾ ಕೂತ. ಆಮೇಲೆ ಪಾನನ್ನು ಇ4ರಿಂದ ಎತ್ತಿ ಒಂದು ಮನೆ ಹಿಂದಕ್ಕೆ, ಇ3ರಲ್ಲಿ ಇಟ್ಟೆ. "ಈಗ ಮತ್ತೆ ನಿನ್ನ ನಡೆ. ಪಾನ್ ಇನ್ನೂ ಹಿಂದೆ ಬಂತು. ಕಷ್ಟ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

ಜಾಸ್ತಿ ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ಪಾನ್ ಹಿಂದೆ ಇದ್ದರೆ ಬಿಳಿಯ ಕೈಯಲ್ಲಿ ಒಂದು ನಡೆ ಮಿಕ್ಕಿರುತ್ತದೆ. ಸುಮ್ನೆ ಇ4 ಅಂತ ತಳ್ಳಿದರೆ ಸಾಕು. ರಾಜರು ಎದುರುಬದುರೇ ಇರುತ್ತಾರೆ, ಆದರೆ ನಡೆಯುವ ಪಾಳಿ ಈಗ ಕಪ್ಪಿಗೆ ಬಂತು. ಬಿಳಿ ಗೆದ್ದ ಹಾಗೆಯೇ. ಮುಂದಿದ್ದ ಪಾನ್ ಡ್ರಾ, ಹಿಂದಿದ್ದ ಪಾನ್ ಗೆಲುವು! ಇದನ್ನು ನೋಡಿದಾಗ ಆ ಹುಡುಗನ ಮುಖದಲ್ಲಿ ಬಂದ ಬೆರಗು ಬ್ಲಿಟ್ಜ್ ಗೆದ್ದಾಗ ಬರುವಂಥದ್ದಲ್ಲ.

ಅವನು ಇದನ್ನು ಯಾಕೆ ತಾನಾಗಿ ಕಂಡುಕೊಂಡಿರಲಿಲ್ಲ? ಬುದ್ಧಿ ಕಮ್ಮಿ ಅಂತಲ್ಲ. ಮೂರು ನಿಮಿಷದ ಆಟ ಇಲ್ಲಿಯವರೆಗೆ ಬರುವುದೇ ಅಪರೂಪ, ಬಂದರೂ ಆಗ ಗಡಿಯಾರದಲ್ಲಿ ನಾಲ್ಕೋ ಐದೋ ಸೆಕೆಂಡ್ ಉಳಿದಿರುತ್ತದೆ. ರಾಜರು ಹೀಗೆ ಎದುರುಬದುರು ನಿಲ್ಲುವುದಕ್ಕೆ ಆಪೊಸಿಷನ್ ಅನ್ನುತ್ತಾರೆ, ಅದು ಏನು ಅಂತ ಎದುರಾಳಿಗೂ ಗೊತ್ತಿರುವುದಿಲ್ಲ. ಒಮ್ಮೆ ಗೆಲುವು, ಒಮ್ಮೆ ಡ್ರಾ. ಎರಡೂ ಅದೃಷ್ಟದ ಹಾಗೆ ಕಾಣುತ್ತದೆ. ಆಟ ಅವನಿಗೆ ಏನೂ ಹೇಳಲಿಲ್ಲ, ಹೇಳುವುದೂ ಇಲ್ಲ. ಹದಿನೈದನೇ ನಡೆಯಲ್ಲಿ ಬೇಡದ ಪಾನ್ ತಳ್ಳಿ, ಅದರಿಂದ ದುರ್ಬಲವಾದ ಮನೆಗೆ ನಲವತ್ತನೇ ನಡೆಯಲ್ಲಿ ಎದುರಾಳಿಯ ಕುದುರೆ ಬಂದು ಕೂತರೂ ಅದೇ ಕಥೆ. ಸೋತವನಿಗೆ ನಲವತ್ತನೇ ನಡೆ ನೆನಪಿರುತ್ತದೆ, ಹದಿನೈದನೆಯದು ಇರುವುದಿಲ್ಲ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಮೀರ್ ಸುಲ್ತಾನ್ ಖಾನ್ ಹೆಸರು ತೆಗೆಯುತ್ತಾರೆ. ತೆಗೆಯಲೇಬೇಕು, ಅಂಥ ಆಟಗಾರ ಅವರು. ಪಂಜಾಬಿನ ಹಳ್ಳಿಯಿಂದ ಬಂದವರು, ಮೊದಲು ಕಲಿತದ್ದು ನಮ್ಮ ಹಳೇ ನಿಯಮದ ಚದುರಂಗ. ಅದರಲ್ಲಿ ಪಾನ್ ಮೊದಲ ಸಲವೂ ಒಂದೇ ಮನೆ ಹೋಗಬೇಕು. ಉಮರ್ ಹಯಾತ್ ಖಾನ್ ಅನ್ನುವ ಶ್ರೀಮಂತರ ಆಶ್ರಯದಲ್ಲಿ 1929ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಟೂರ್ನಮೆಂಟ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೇ ಸೋಲಿಸಿದರು. ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಪುಸ್ತಕಗಳ ಓದು ಅವರಿಗೆ ಇರಲಿಲ್ಲ ಅನ್ನುವುದು ನಿಜ. 2024ರಲ್ಲಿ, ಅವರು ತೀರಿಕೊಂಡು ಅರ್ಧ ಶತಮಾನ ದಾಟಿದ ಮೇಲೆ, ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿತು. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಈ ಕಥೆ ಹೇಳುವವರು ಒಂದು ಭಾಗ ಬಿಟ್ಟುಬಿಡುತ್ತಾರೆ. ಇಂಗ್ಲೆಂಡಿಗೆ ಹೋದ ಹೊಸದರಲ್ಲಿ ಅವರ ಅಭ್ಯಾಸಕ್ಕೆಂದೇ ಒಂದು ಸಣ್ಣ ಟೂರ್ನಮೆಂಟ್ ನಡೆಸಿದಾಗ ಅವರು ಕೊನೇ ಸ್ಥಾನದವರ ಜೊತೆ ಉಳಿದರು. ಆಮೇಲೆ ವಿಂಟರ್, ಯೇಟ್ಸ್ ಅನ್ನುವ ಇಬ್ಬರು ಬಲವಾದ ಆಟಗಾರರು ಚಾಂಪಿಯನ್‌ಶಿಪ್‌ಗೆ ಮುಂಚೆ ಅವರ ಜೊತೆ ಕೂತು ತಯಾರಿ ಮಾಡಿಸಿದರು. ಪುಸ್ತಕ ಇರಲಿಲ್ಲ, ಸರಿ. ಜೊತೆಗೆ ಕೂರುವವರು ಇದ್ದರು. ಕಾಪಾಬ್ಲಾಂಕನ ವಿಷಯವೂ ಹೀಗೇ. ನಾಲ್ಕನೇ ವಯಸ್ಸಿನಲ್ಲಿ ಅಪ್ಪ ಆಡುವುದನ್ನು ನೋಡಿ ನೋಡಿ ಕಲಿತ, ಓದಿದ್ದು ಕಮ್ಮಿ ಅಂತ ಹೇಳುತ್ತಾರೆ. ಅದೇ ಕಾಪಾಬ್ಲಾಂಕ ಕಲಿಯುವವರಿಗೆ ಹೇಳಿದ್ದು ಎಂಡ್‌ಗೇಮ್‌ನಿಂದ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತದಿಂದ ಶುರು ಮಾಡಿ ಅಂತ. 1927ರಲ್ಲಿ ಅವನಿಂದ ವಿಶ್ವ ಪಟ್ಟ ಕಿತ್ತುಕೊಂಡವನು ಅಲೆಖಿನ್. ಆತ ಕಾಪಾಬ್ಲಾಂಕನ ಆಟಗಳನ್ನು ಜಾಲಾಡಿ ತಯಾರಾಗಿ ಬಂದಿದ್ದ.

ಜೊತೆಗೆ ಕೂರುವವರು ಅಂದೆನಲ್ಲ, ಅದು ಅಂದರೆ ಏನು ಅಂತ ನಾನು ನೋಡಿದ್ದು ನಮ್ಮ ದೊಡ್ಡಪ್ಪನಲ್ಲಿ. ಗದ್ದೆ ಕೆಲಸ ಮುಗಿಸಿ ಬಂದು ಜಗಲಿ ಮೇಲೆ ಹಲಗೆ ಹಾಸುತ್ತಿದ್ದರು. ಹಳೇ ನಿಯಮದ ಆಟ. ಚೆಸ್ ಮೇಲೆ ಪುಸ್ತಕ ಇರುತ್ತದೆ ಅನ್ನುವುದೇ ಅವರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಆಟ ಮುಗಿದ ಕೂಡಲೇ ಇನ್ನೊಂದು ಆಟಕ್ಕೆ ಕಾಯಿ ಜೋಡಿಸಲು ಬಿಡುತ್ತಿರಲಿಲ್ಲ. ಕಾಯಿಗಳನ್ನು ಒಂದೊಂದೇ ಹಿಂದಕ್ಕೆ ಇಡುತ್ತಾ ಬರುತ್ತಿದ್ದರು. "ಇಲ್ಗಂಟ ಸರಿ ಇತ್ತು ಕಣ್ಲಾ. ಇಲ್ಲಿ ಯಾಕ್ಲಾ ಕುದ್ರೆ ಅತ್ಲಾಗ್ ಮಡಗ್ದೆ?" ಅಂತ ಕೇಳುತ್ತಿದ್ದರು. ಉತ್ತರ ಹೇಳದೆ ಏಳುವ ಹಾಗಿರಲಿಲ್ಲ. "ಸುಮ್ನೆ ಮಡಗ್ದೆ" ಅಂದರೆ, "ಸುಮ್ನೆ ಯಾವ್ದೂ ಮಡಗ್ಬ್ಯಾಡ" ಅನ್ನುತ್ತಿದ್ದರು. ಎದುರಾಳಿಯಾಗಿ ಕೂತಿದ್ದ ಪಕ್ಕದ ಮನೆಯವರೂ ಬಾಯಿ ಹಾಕುತ್ತಿದ್ದರು. ಕೆಲವು ಸಲ ಆಟಕ್ಕಿಂತ ಈ ಮಾತೇ ಜಾಸ್ತಿ ಹೊತ್ತು ನಡೆಯುತ್ತಿತ್ತು. ಹೊರಗಿನವರು ಯಾರಾದರೂ ನೋಡಿದ್ದರೆ ಇವರು ಬರೀ ಆಡಿ ಕಲಿತವರು ಅಂತಿದ್ದರು. ನನ್ನ ಪ್ರಕಾರ ಅದು ಅಭ್ಯಾಸವೇ, ನೂರಕ್ಕೆ ನೂರು. ಬಿಳಿ ಹಾಳೆಯ ಮೇಲೆ ಇರಲಿಲ್ಲ ಅಷ್ಟೇ.

ಈಗಿನ ಫೋನ್ ಆಟದಲ್ಲಿ ಹೋಗಿರುವುದು ಇದು. ಸೋತ ಕೂಡಲೇ ಪರದೆಯ ಮೇಲೆ ಹೊಸ ಆಟದ ಬಟನ್ ಬರುತ್ತದೆ, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಗಂಟೆಗೆ ಹತ್ತು ಹದಿನೈದು ಆಟ ಆಗುತ್ತದೆ, ಒಂದನ್ನೂ ತಿರುಗಿ ನೋಡುವುದಿಲ್ಲ. ಟೂರ್ನಮೆಂಟಿನ ದೊಡ್ಡ ಆಟದಲ್ಲಿ ಹೀಗೆ ಮಾಡೋಕೆ ಬರುವುದಿಲ್ಲ. ಅಲ್ಲಿ ಪ್ರತಿ ನಡೆಯನ್ನೂ ಸ್ಕೋರ್ ಶೀಟಿನಲ್ಲಿ ಬರೆಯಲೇಬೇಕು, ನಿಯಮವೇ ಹಾಗಿದೆ. ರ‍್ಯಾಪಿಡ್, ಬ್ಲಿಟ್ಜ್‌ನಂಥ ಕಮ್ಮಿ ಹೊತ್ತಿನ ಆಟದಲ್ಲಿ ಬರೆಯಬೇಕಾಗಿಲ್ಲ. ಮಕ್ಕಳು ಆ ಶೀಟನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗಿ ಒಗೆಯೋಕೆ ಹಾಕಿದ ಪ್ಯಾಂಟಲ್ಲಿ ಮರೆತುಬಿಡುತ್ತಾರೆ. ನನಗೆ ತುಂಬ ಸಂಕಟ ಆಗುತ್ತದೆ. ಮೂರು ಮೂರೂವರೆ ಗಂಟೆ ತಲೆ ಕೆಡಿಸಿಕೊಂಡು ಬರೆದ ಪಾಠ ಅದು. ಬೇರೆ ಯಾವ ಪುಸ್ತಕದಲ್ಲೂ ಅದು ಸಿಗುವುದಿಲ್ಲ, ಯಾಕಂದರೆ ಅದರಲ್ಲಿ ಇರುವುದು ನಿಮ್ಮದೇ ಯೋಚನೆ. ಸೋವಿಯತ್ ಆಟಗಾರರ ಗುರುವಿನಂತಿದ್ದ ಬೊಟ್ವಿನಿಕ್ ತನ್ನ ಆಟಗಳನ್ನು ತಾನೇ ವಿಶ್ಲೇಷಿಸಿ, ಅದನ್ನು ಅಚ್ಚು ಹಾಕಿಸಿ, ಬೇರೆಯವರು ತಪ್ಪು ಹುಡುಕಲಿ ಅಂತ ಬಿಡಬೇಕು ಅನ್ನುತ್ತಿದ್ದ. ದೊಡ್ಡಪ್ಪನ ಜಗಲಿಯಲ್ಲಿ ನಡೆಯುತ್ತಿದ್ದದ್ದೂ ಅದೇ ಅಲ್ವಾ?

ಇತ್ತೀಚೆಗೆ ಕಾಲೇಜು ಹುಡುಗರು ಇನ್ನೊಂದು ವಾದ ತರುತ್ತಾರೆ. ಆಲ್ಫಾಜೀರೋ. 2017ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿಯವರು ಮಾಡಿದ ಆ ಕಂಪ್ಯೂಟರ್ ಪ್ರೋಗ್ರಾಂಗೆ ನಿಯಮ ಬಿಟ್ಟು ಬೇರೇನೂ ಹೇಳಿಕೊಟ್ಟಿರಲಿಲ್ಲ. ಮನುಷ್ಯರು ಆಡಿದ ಒಂದು ಆಟವನ್ನೂ ತೋರಿಸಲಿಲ್ಲ. ತನ್ನ ಜೊತೆ ತಾನೇ 4 ಕೋಟಿಗೂ ಹೆಚ್ಚು ಆಟ ಆಡಿ, ಆಗಿನ ಬಲವಾದ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಸ್ಟಾಕ್‌ಫಿಶ್‌ನ್ನೇ ಸೋಲಿಸಿತು. "ನೋಡಿ ಸಾರ್, ಬರೀ ಆಡಿಯೇ ಕಲಿತದ್ದು" ಅಂತಾರೆ. ಸ್ವಲ್ಪ ಒಳಗೆ ಹೋಗಿ ನೋಡಿದರೆ ಅದು ಬರೀ ಆಡಿದ್ದಲ್ಲ. ಆಟ ಮುಗಿದ ಮೇಲೆ ಅದರಲ್ಲಿ ಬಂದ ಸ್ಥಿತಿಗಳನ್ನೂ ಕೊನೆಯ ಫಲಿತಾಂಶವನ್ನೂ ಇಟ್ಟುಕೊಂಡು, ತಾನು ಮೊದಲು ಅಂದಾಜು ಮಾಡಿದ್ದಕ್ಕೂ ನಿಜವಾಗಿ ಆದದ್ದಕ್ಕೂ ಎಷ್ಟು ಅಂತರ ಅಂತ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತಿತ್ತು. ಆ ತಿದ್ದುವ ಕೆಲಸ ತೆಗೆದುಬಿಟ್ಟರೆ ಇನ್ನೂ ಹತ್ತು ಕೋಟಿ ಆಟ ಆಡಿದರೂ ಅದು ಮೊದಲ ದಿನ ಇದ್ದಲ್ಲೇ ಇರುತ್ತಿತ್ತು. ನಮ್ಮ ಹುಡುಗರ ಆಟದಲ್ಲಿ ಬಿಟ್ಟುಹೋಗಿರುವುದು ನಿಖರವಾಗಿ ಆ ಭಾಗ.

ಇನ್ನು ಅಧ್ಯಯನಗಳು. 2005ರಲ್ಲಿ ನೀಲ್ ಚಾರ್ನೆಸ್ ಮತ್ತು ಜೊತೆಗಾರರು ನೂರಾರು ಆಟಗಾರರ ಅಭ್ಯಾಸದ ಲೆಕ್ಕ ತೆಗೆದರು. ರೇಟಿಂಗ್, ಅಂದರೆ ಆಟಗಾರನ ಶಕ್ತಿ ಹೇಳುವ ಅಂಕಿ, ಯಾವುದರ ಜೊತೆ ಹೆಚ್ಚು ಸೇರಿಕೊಂಡಿದೆ ಅಂತ ನೋಡಿದರೆ, ಒಬ್ಬರೇ ಕೂತು ಗಂಭೀರವಾಗಿ ಮಾಡಿದ ಅಭ್ಯಾಸವೇ ಮುಂದೆ ಬಂತು. ಟೂರ್ನಮೆಂಟ್ ಆಡಿದ ಗಂಟೆಗಳು ಅದರ ಹಿಂದೆ ಉಳಿದವು. ಇಷ್ಟೇ ಹೇಳಿ ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. 2007ರಲ್ಲಿ ಫರ್ನಾಂಡ್ ಗೊಬೆಟ್ ಮತ್ತು ಗಿಯೆರ್ಮೊ ಕಾಂಪಿಟೆಲ್ಲಿ ಅರ್ಜೆಂಟೀನಾದ ಆಟಗಾರರನ್ನು ಕೇಳಿ ನೋಡಿದಾಗ, ಮಾಸ್ಟರ್ ಮಟ್ಟ ಮುಟ್ಟೋಕೆ ಒಬ್ಬರಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬರಿಗೆ 23,000 ಗಂಟೆಗೂ ಜಾಸ್ತಿ ಬೇಕಾಗಿತ್ತು. ಅಂದರೆ ಹುಟ್ಟಿನಿಂದ ಬಂದದ್ದು, ಶುರು ಮಾಡಿದ ವಯಸ್ಸು, ಸಿಕ್ಕ ಜನ, ಇವೆಲ್ಲ ಸೇರಿಕೊಳ್ಳುತ್ತವೆ. ಅಭ್ಯಾಸ ಮಾಡಿದವರೆಲ್ಲ ಮಾಸ್ಟರ್ ಆಗುತ್ತಾರೆ ಅಂತ ಯಾವ ಅಪ್ಪನಿಗೂ ನಾನು ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಟ್ಟು ಫೀಸು ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸಿಕ್ಕ ಜನ ಅಂದಾಗ ನಮ್ಮ ಕಡೆಯ ಮಾತು ಬರಲೇಬೇಕು. ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ವಿಶ್ವನಾಥನ್ ಆನಂದ್ ಬಂದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ನಡುವೆ ಸುಮಾರು ಮೂವತ್ತು ವರ್ಷ. ಇಷ್ಟು ವರ್ಷ ನಮ್ಮಲ್ಲಿ ಆಡುವವರಿಗೆ ಬರ ಇತ್ತು ಅಂತ ನಾನು ನಂಬುವುದಿಲ್ಲ. ಚದುರಂಗ ಇಲ್ಲಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆ ಆಟಗಳ ಮೇಲೆ ಎಷ್ಟು ತಲೆ ಓಡಿಸಿದ್ದರು ಅನ್ನುವುದು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿನ ಚಿತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಕುದುರೆಯೊಂದನ್ನೇ ಇಟ್ಟುಕೊಂಡು, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಅರವತ್ನಾಲ್ಕು ಮನೆಗಳನ್ನೂ ಸುತ್ತಿಸುವ ಲೆಕ್ಕಗಳನ್ನು ಅವರು ಕಟ್ಟಿದ್ದರು. ಎದುರಾಳಿಯೇ ಇಲ್ಲದೆ ಹಲಗೆ ಮುಂದೆ ಕೂತು ಮಾಡುವ ಕೆಲಸ ಅದು. ಆಡುವವರು ಇದ್ದರು, ಆಸೆಯೂ ಇತ್ತು. ಚೆನ್ನೈನಲ್ಲಿ ಆಗಿನ ಹುಡುಗರಿಗೆ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ತಾಲ್ ಚೆಸ್ ಕ್ಲಬ್ ಅಂತ ಸೇರೋಕೆ ಒಂದು ಜಾಗ ಇತ್ತು, ಆನಂದ್ ಬೆಳೆದದ್ದೂ ಅಲ್ಲೇ ಆಡಿ. ನಮ್ಮ ಜಿಲ್ಲೆಗಳಲ್ಲಿ ಅಂಥ ಜಾಗಗಳು ಕಮ್ಮಿ ಇದ್ದವು, ಈಗಲೂ ಕಮ್ಮಿಯೇ.

ಆನಂದ್ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಬೇರೆ ಇದೆ. ಚಿಕ್ಕವರಿದ್ದಾಗ ಅವರ ಮನೆಯವರು ಸ್ವಲ್ಪ ಕಾಲ ಫಿಲಿಪೀನ್ಸ್‌ನಲ್ಲಿದ್ದರು. ಅಲ್ಲಿ ಮಧ್ಯಾಹ್ನ ಟಿವಿಯಲ್ಲಿ ಚೆಸ್ ಕಾರ್ಯಕ್ರಮ ಬರುತ್ತಿತ್ತು, ಆ ಹೊತ್ತಿಗೆ ಹುಡುಗ ಶಾಲೆಯಲ್ಲಿ. ಅವರಮ್ಮ ಕಾರ್ಯಕ್ರಮದಲ್ಲಿ ಕೊಟ್ಟ ಪಜಲ್‌ಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ಮಗ ಬಂದ ಮೇಲೆ ಇಬ್ಬರೂ ಕೂತು ಬಿಡಿಸುತ್ತಿದ್ದರು. ಇದಕ್ಕೆ ಯಾವ ಫೀಸೂ ಇರಲಿಲ್ಲ.

ಆದ್ದರಿಂದ ದುಡ್ಡು ಕೊಟ್ಟು ಕೋಚಿಂಗ್‌ಗೆ ಸೇರಿಸಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಲಿಚೆಸ್ ಅನ್ನುವ ವೆಬ್‌ಸೈಟಿನಲ್ಲಿ ಪಜಲ್, ಎಂಡ್‌ಗೇಮ್ ಅಭ್ಯಾಸ, ಆಡಿದ ಆಟದ ವಿಶ್ಲೇಷಣೆ ಎಲ್ಲ ಪುಕ್ಕಟೆ ಇದೆ. ಓಪನಿಂಗ್ ಬಾಯಿಪಾಠ ಮಾಡಿಸುವ ಆತುರ ಬೇಡ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಿಸಿಲಿಯನ್ ಅನ್ನುವ ಓಪನಿಂಗ್‌ನ ಹದಿನೆಂಟು ನಡೆ ಗೊತ್ತಿದ್ದು, ರಾಜ ಮತ್ತು ಒಂದು ಪಾನ್ ಇಟ್ಟುಕೊಂಡು ಗೆಲ್ಲೋಕೆ ಬಾರದ ಮಕ್ಕಳನ್ನು ಟೂರ್ನಮೆಂಟುಗಳಲ್ಲಿ ನೋಡುತ್ತಲೇ ಇರುತ್ತೇನೆ. ಎಂಜಿನ್ ವಿಷಯದಲ್ಲೂ ನನ್ನದೊಂದು ಹಠ ಇದೆ. ಸೋತ ಆಟವನ್ನು ಮೊದಲು ಸ್ವಂತ ತಲೆಯಿಂದ ನೋಡಬೇಕು, ಎಲ್ಲಿ ಕೆಟ್ಟಿತು ಅಂತ ಒಂದು ನಡೆಗೆ ಗುರುತು ಹಾಕಬೇಕು, ಆಮೇಲೆ ಎಂಜಿನ್ ಹಾಕಬೇಕು. ಮೊದಲೇ ಹಾಕಿದರೆ ಉತ್ತರ ಸಿಗುತ್ತದೆ, ಪ್ರಶ್ನೆ ಏನಿತ್ತು ಅನ್ನುವುದೇ ಗೊತ್ತಾಗುವುದಿಲ್ಲ.

ದೊಡ್ಡವರಿಗೆ ಇಷ್ಟಕ್ಕೂ ಪುರುಸೊತ್ತು ಎಲ್ಲಿ ಅಂತ ಕೇಳುತ್ತಾರೆ. ನನ್ನ ಜೊತೆ ಸಂಜೆ ರೈಲಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ಬರುವ ಗೆಳೆಯರೊಬ್ಬರು ಇದ್ದಾರೆ, ನಲವತ್ತು ದಾಟಿದವರು. ದಾರಿಯುದ್ದಕ್ಕೂ ಬ್ಲಿಟ್ಜ್ ಆಡುತ್ತಿದ್ದರು, ರೇಟಿಂಗ್ ವರ್ಷಗಳಿಂದ ಅಲ್ಲಲ್ಲೇ ಏರಿಳಿಯುತ್ತಿತ್ತು. ಓಪನಿಂಗ್ ಗೊತ್ತಿಲ್ಲ, ಅದಕ್ಕೇ ಸೋಲ್ತೀನಿ ಅನ್ನುವುದು ಅವರ ನಂಬಿಕೆ. ಈಗ ಅವರು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹತ್ತು ನಿಮಿಷದ ಒಂದು ಆಟ ಮುಗಿಸುತ್ತಾರೆ. ಪಾಂಡವಪುರದಿಂದ ಈಚೆಗೆ ನಾವಿಬ್ಬರೂ ಅದನ್ನೇ ಹಿಂದಕ್ಕೆ ತಿರುಗಿಸಿಕೊಂಡು ಬರುತ್ತೇವೆ. ನೋಡಿದರೆ ಓಪನಿಂಗ್‌ನಿಂದ ಅವರು ಹೊರಗೆ ಬರುವಾಗ ಆಟ ಸಮವೇ ಇರುತ್ತದೆ. ಕೆಡುವುದು ಆಮೇಲೆ: ಸ್ವಲ್ಪ ಒತ್ತಡ ಬಂದ ಕೂಡಲೇ ಕಾಯಿಗೆ ಕಾಯಿ ಹೊಡೆದು ಹಲಗೆ ಖಾಲಿ ಮಾಡಿಕೊಳ್ಳುತ್ತಾರೆ, ಉಳಿದ ಎಂಡ್‌ಗೇಮ್ ತಮಗೆ ಅನುಕೂಲವೋ ಇಲ್ಲವೋ ಅಂತ ನೋಡುವುದಿಲ್ಲ. "ಇದನ್ನ ಯಾರೂ ನಂಗೆ ಹೇಳೇ ಇರ್ಲಿಲ್ವಲ್ರೀ" ಅಂದರು. ಮೊನ್ನೆ ಆನೆಗೆ ಆನೆ ಹೊಡೆಯಬೇಕಿತ್ತೋ, ಬಿಟ್ಟು ಏಳನೇ ಸಾಲಿಗೆ ಹೋಗಬೇಕಿತ್ತೋ ಅಂತ ನಮ್ಮಿಬ್ಬರಲ್ಲಿ ಜೋರಾಗಿಯೇ ವಾದ ನಡೆಯಿತು. ಎದುರು ಸೀಟಿನ ಹುಡುಗಿಯೊಬ್ಬಳು ಫೋನ್ ಕಡೆ ಬಗ್ಗಿ ನೋಡಿ, "ಅಂಕಲ್, ಮೊದ್ಲು ಎಚ್3 ಆಡಿ ರಾಜನಿಗೆ ಒಂದು ಕಿಂಡಿ ಬಿಟ್ಕೊಂಡ್ರೆ ಎರಡೂ ಆಗುತ್ತಲ್ವಾ?" ಅಂದಳು. ಅವಳು ಹೇಳಿದ್ದೇ ಸರಿ ಇತ್ತು.